ಗೋಡೆಯಾದ ಬಾಗಿಲು, ತುಪ್ಪದ ಚಿತ್ತಯ್ಯ

“ಕೇಳಿರಪ್ಪೋ ಕೇಳಿ! ಮಾಗಳಿಪುರದ ಹೊನ್ನರಸರು ಒಂದೇ ವರ್ಷದಲ್ಲಿ ಅರಮನೆಯ ಕಟ್ಟಳೆಗಳನ್ನು ಮೂರು ಸಲ ಬದಲಾಯಿಸಿದ್ದಾರೆ. ಅರಮನೆ ಮಾತ್ರ ಬದಲಾಗಿಲ್ಲ! ಯಾಕೆಂದು ತಿಳಿಯಲು ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವನಿಗೆ ಅರಮನೆಯ ಪಾರುಪತ್ಯ. ಕೆಂಪು ಜಮಖಾನದ ಮೇಲೆ ಕಾಲಿಟ್ಟವನು ಒಂದು ತಪ್ಪಿದರೂ ತಲೆ ಹೋಗುತ್ತದೆ!”

ಡಂಗುರ ಊರೂರು ಸುತ್ತಿತು. ಗೊಲ್ಲರಹಟ್ಟಿಯ ಚಿತ್ತಯ್ಯನಿಗೆ ಮಾತ್ರ ಕೇಳಲಿಲ್ಲ. ಅವನು ಆಗ ಬೆಣ್ಣೆ ಕಾಯಿಸುತ್ತಿದ್ದ. ನೋಡಿ, ಅವನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಮರುದಿನ ಬೆಳಿಗ್ಗೆ ತುಪ್ಪದ ಗಡಿಗೆಯನ್ನು ಹೆಗಲಿಗೇರಿಸಿಕೊಂಡು ಅರಮನೆಯ ಮೂಡಲ ಬಾಗಿಲಿಗೆ ಬಂದ. ಹತ್ತು ವರ್ಷದಿಂದ ಓಡಾಡಿದ ದಾರಿ, ಕಣ್ಣು ಮುಚ್ಚಿದರೂ ಕಾಲು ಹೋಗುತ್ತದೆ. ತಲೆ ತಗ್ಗಿಸಿ ನುಗ್ಗಿದ. ಢಬ್! ಮೊನ್ನೆಯಷ್ಟೇ ಕಟ್ಟಿದ ಗೋಡೆಗೆ ಬಡಿದು ಹಣೆ ಊದಿಕೊಂಡಿತು. ಗೋಡೆಯ ಮುಂದೆ ಕಾವಲುಗಾರನೊಬ್ಬ ಈಟಿ ಹಿಡಿದು ನಿಂತೇ ಇದ್ದ.

“ಅಣ್ಣಾ, ಬಾಗಿಲೇ ಇಲ್ಲದ ಮೇಲೆ ನೀನ್ಯಾಕೆ ನಿಂತಿದ್ದೀಯ?”

“ಬಾಗಿಲಿಲ್ಲ ಅಂತ ಬಂದವರಿಗೆ ಹೇಳಬೇಕಲ್ಲಪ್ಪ! ಪಡುವಲಿಗೆ ಹೋಗು.”

ಪಡುವಲ ಬಾಗಿಲಿನವನು ಬಡಗಲಿಗೆ ಹೋಗೆಂದ. ಬಡಗಲವನು ತೆಂಕಲಿಗೆ ಅಟ್ಟಿದ. ತೆಂಕಲವನು ತಲೆ ಕೆರೆದುಕೊಂಡು, “ತುಪ್ಪ ಯಾರ ಸುಪರ್ದಿಗೆ ಬರುತ್ತೋ ನನಗೆ ತಿಳೀದು ಮಾರಾಯ. ಅಲ್ಲೊಂದು ಸಾಲಿದೆ, ನಿಂತ್ಕೋ” ಎಂದ. ಚಿತ್ತಯ್ಯ ನಿಂತ. ಸಾಲು ಸರಿದು ಸರಿದು ಒಡ್ಡೋಲಗ ಸೇರಿತು. ಕಾಲಡಿಯಲ್ಲಿ ಮೆತ್ತಗಾಯಿತು. ನೋಡಿದರೆ ಕೆಂಪು ಜಮಖಾನ! ಇದರ ಮೇಲೆ ನಿಂತವನು ಒಗಟು ತಪ್ಪಿದರೆ ತಲೆ ಹೋಗುತ್ತದೆಂದು ಪಕ್ಕದ ಭಟನೊಬ್ಬ ಕಿವಿಯಲ್ಲಿ ಹೇಳಿದ.

“ಅಯ್ಯೋ, ನಾನು ತುಪ್ಪ ಕೊಡೋಕೆ ಬಂದವನು ಬುದ್ದಿ!” ಅಂದರೆ ಯಾರು ಕೇಳಬೇಕು? ಅವನ ಮುಂದೆ ಪಂಡಿತ ಶ್ರೀಕರಭಟ್ಟರೂ ದಳವಾಯಿಯ ಮಗ ರಣಮಲ್ಲನೂ ಎದೆಯುಬ್ಬಿಸಿ ನಿಂತಿದ್ದರು. ಅತ್ತ ಹೊಗಳುಭಟ ಹೊಸ ಕಟ್ಟಳೆಗಳನ್ನು ಓದುತ್ತಿದ್ದ: “ಮೂಡಲ ಬಾಗಿಲು ರದ್ದು. ಅರಸರ ತಾಂಬೂಲ ಇನ್ನು ಬಲಗಡೆಯಿಂದ.” ಊಳಿಗದವನು ತಟ್ಟೆ ಹಿಡಿದು ಬಲಕ್ಕೆ ನಿಂತ. ಅರಸರು ಎಡಕ್ಕೆ ತಿರುಗಿ ಕೈಚಾಚಿದರು. ಅವನು ಬಿದ್ದೆನೋ ಎದ್ದೆನೋ ಎಂದು ಎಡಕ್ಕೆ ಓಡಿದ. ಚಿತ್ತಯ್ಯನ ತಲೆ ಇನ್ನಷ್ಟು ಕೆಟ್ಟಿತು. ಹಾಗಾದರೆ ಕಟ್ಟಳೆ ಯಾವುದು?

ಹೊನ್ನರಸರು ಮೊದಲ ಒಗಟು ಹೇಳಿದರು. “ಹಳೆಯ ಗಡಿಗೆಯ ಆಕಾರ ಹಿಡಿದು ಕೂತಿದೆ. ಹೊಸ ಗಡಿಗೆಗೆ ಬರಬೇಕು. ಕೆರೆದರೆ ಪುಡಿಯಾಗುತ್ತದೆ, ಎಳೆದರೆ ಬರುವುದಿಲ್ಲ, ಬೈದರೆ ಕೇಳುವುದಿಲ್ಲ. ಚೂರೂ ಕಳೆಯದೆ ತರುವುದು ಹೇಗೆ?”

“ಹೊಸ ಗಡಿಗೆಗೆ ತಕ್ಕ ವಿಧಿ ಬರೆದು ಓದಿ ಹೇಳಬೇಕು ಪ್ರಭು” ಎಂದರು ಭಟ್ಟರು. ತಪ್ಪು! ಕಾವಲಿನ ಭಟರು ಅವರನ್ನು ಎಳೆದೊಯ್ದು, ತಲೆ ತೆಗೆಯುವ ತನಕ ಇರಲೆಂದು ಕಂಬಕ್ಕೆ ಕಟ್ಟಿದರು.

“ತುಪ್ಪ ತಾನೇ?” ಚಿತ್ತಯ್ಯನ ಬಾಯಿಂದ ಬಂದುಬಿಟ್ಟಿತು. “ಬೆಚ್ಚಗೆ ಮಾಡಿದರೆ ತಾನೇ ಕರಗುತ್ತೆ. ಬಗ್ಗಿಸಬೇಕು. ಆಮೇಲೆ ಗಟ್ಟಿಯಾಗೋ ತನಕ ಅಲ್ಲಾಡಿಸಬಾರದು.”

ಅರಸರು ಹುಬ್ಬೇರಿಸಿದರು. ಸರಿಯುತ್ತರ!

“ಎರಡನೆಯದು. ಬಾಗಿಲೊಂದನ್ನು ಕಲ್ಲಿಟ್ಟು ಮುಚ್ಚಿಸಿದ್ದೇನೆ. ಆದರೂ ಜನ ದಿನಾ ಅದಕ್ಕೇ ಬರುತ್ತಾರೆ. ಆ ಬಾಗಿಲು ಎಲ್ಲಿದೆ?”

“ಶತ್ರುಗಳ ಸುರಂಗದಲ್ಲಿ! ಅಪ್ಪಣೆಯಾಗಲಿ, ನಾಲ್ಕು ತಲೆ ಉರುಳಿಸುತ್ತೇನೆ” ಎಂದ ರಣಮಲ್ಲ. ಅವನೂ ಕಂಬ ಸೇರಿದ.

ಚಿತ್ತಯ್ಯ ಹಣೆ ಸವರಿಕೊಂಡ. “ಕಾಲಲ್ಲಿದೆ ಬುದ್ದಿ. ಗೋಡೆ ಕಟ್ಟಿದ ಸುದ್ದಿ ಕಾಲಿಗೆ ತಿಳಿದಿಲ್ಲ.”

ಅದೂ ಸರಿ! ಸಭೆಯಲ್ಲಿ ಗುಸುಗುಸು. ಚಿತ್ತಯ್ಯ ಮಾತ್ರ ತುಪ್ಪದ ಗಡಿಗೆಯನ್ನು ಎದೆಗೆ ಅಪ್ಪಿಕೊಂಡ. ಉಳಿದದ್ದು ತಪ್ಪಿದರೆ ತಲೆ ಇಲ್ಲ.

“ಕಡೆಯದು. ಬಾಗಿಲು ಬದಲಾಯಿಸಿದೆ, ಬಾಣಸಿಗರನ್ನು ಬದಲಾಯಿಸಿದೆ, ಕಾವಲು, ಉಡುಪು, ಕಟ್ಟಳೆ ಎಲ್ಲ ಬದಲಾಯಿಸಿದೆ. ಆದರೂ ಎಲ್ಲ ಮೊದಲಿನಂತೆಯೇ ಇದೆ. ಬದಲಾಗದೆ ಉಳಿದ ಆ ಒಂದು ಯಾವುದು?”

ಚಿತ್ತಯ್ಯ ಕಂಬದ ಕಡೆ ನೋಡಿದ, ತಾಂಬೂಲದ ತಟ್ಟೆ ನೋಡಿದ. ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

“ತಾವೇ, ಬುದ್ದಿ.”

ಹೊನ್ನರಸರ ಮುಖ ಕೆಂಡವಾಯಿತು. “ನಾನೇ? ಇದನ್ನೆಲ್ಲ ಬದಲಾಯಿಸಿದ ನಾನೇ? ಪಡುವಲ ಬಾಗಿಲಿಗೆ ನಡೆಯಿರಿ! ಇವನ ತಲೆ ಅಲ್ಲೇ ತೆಗೆಸುತ್ತೇನೆ!” ಎನ್ನುತ್ತ ಎದ್ದು ಬಿರಬಿರನೆ ನಡೆದೇಬಿಟ್ಟರು. ನಡೆದದ್ದು ನೇರ ಮೂಡಲಿಗೆ! ಮಂತ್ರಿಗಳು, ಭಟರು, ಚಿತ್ತಯ್ಯ ಎಲ್ಲ ಹಿಂದೆ. ಅರಸರಿಗೆ ದಾರಿ ತಪ್ಪಿತೆಂದು ಹೇಳುವ ಗಂಡೆದೆ ಯಾರಿಗಿದೆ?

ಢಬ್!

ಗೋಡೆಯಾಚೆಯಿಂದ ಕಾವಲುಗಾರ ಕೂಗಿದ. “ಬಾಗಿಲಿಲ್ಲ! ಪಡುವಲಿಗೆ ಹೋಗು!”

ಅರಸರು ಹಣೆ ಹಿಡಿದು ಅಲ್ಲೇ ಕುಕ್ಕರಿಸಿದರು. ಚಿತ್ತಯ್ಯನನ್ನು ಹತ್ತಿರ ಕರೆದು, “ನನಗೇನೂ ಅರ್ಥವಾಗುತ್ತಿಲ್ಲವಯ್ಯಾ, ಬಿಡಿಸಿ ಹೇಳು” ಎಂದರು.

ಚಿತ್ತಯ್ಯ ಪಕ್ಕದಲ್ಲಿ ಕೂತ. “ಭಟ್ಟರಿಗೆ ಓಲೆಯೊಂದೇ ಕಂಡಿತು, ರಣಮಲ್ಲಪ್ಪನವರಿಗೆ ಕತ್ತಿಯೊಂದೇ. ಅವರವರು ನಿಂತ ಜಾಗದಿಂದ ಅಷ್ಟೇ ಕಾಣೋದು, ಅವರ ತಪ್ಪಲ್ಲ. ನಾನು ತುಪ್ಪದವನು, ನನಗೆ ತುಪ್ಪ ಕಂಡಿತು. ತಾವು ಕರಗಿಸದೆ ಕೆರೆದಿರಿ. ಗಟ್ಟಿಯಾಗೋಕೆ ಬಿಡದೆ ವರ್ಷಕ್ಕೆ ಮೂರು ಸಲ ಅಲ್ಲಾಡಿಸಿದಿರಿ. ಬಲಗಡೆ ಅಂತ ಬರೆಸಿ ಎಡಕ್ಕೆ ಕೈಚಾಚಿದಿರಿ. ಊಳಿಗದವನು ಓಲೆ ನೋಡ್ತಾನಾ ಬುದ್ದಿ? ತಮ್ಮ ಕೈ ನೋಡ್ತಾನೆ.”

ಅರಸರು ತಲೆ ತಗ್ಗಿಸಿದರು. ಆಮೇಲೆ ಊದಿದ ಹಣೆ ಮುಟ್ಟಿಕೊಂಡು ನಕ್ಕೇಬಿಟ್ಟರು. ಕಂಬದವರ ಕಟ್ಟು ಬಿಚ್ಚಿಸಿದರು. ತಮ್ಮ ಮುದ್ರೆಯುಂಗುರ ಚಿತ್ತಯ್ಯನ ಬೆರಳಿಗೆ ತೊಡಿಸಿ, “ಇನ್ನು ಅರಮನೆಯ ಪಾರುಪತ್ಯ ನಿನ್ನದು. ಮೊದಲು ಏನು ಬದಲಾಯಿಸಲಿ?” ಎಂದರು.

“ಒಂದು ವರ್ಷ ಏನೂ ಬೇಡ ಬುದ್ದಿ, ಗಟ್ಟಿಯಾಗಲಿ. ಆಚೆ ನಿಂತಿರೋ ಆ ಅಣ್ಣನನ್ನು ಮಾತ್ರ ಪಡುವಲಿಗೆ ಕರೆಸಿ. ಅವನು ಅಲ್ಲಿ ನಿಂತಿರೋ ತನಕ ಅಲ್ಲೊಂದು ಬಾಗಿಲಿದೆ ಅಂತಲೇ ಜನ ಬರ್ತಾರೆ.”

ಅರಸರು ಸ್ವತಃ ಗೋಡೆಗೆ ಬಾಯಿ ಹಚ್ಚಿ ಕೂಗಿ ಅಪ್ಪಣೆ ಕೊಟ್ಟರು.

“ಆಗಲಿ ಪ್ರಭು, ಈಗಲೇ ಬಂದೆ” ಎಂದಿತು ಆಚೆಯ ಕಾವಲುಗಾರನ ದನಿ. “ಆದರೆ ನನ್ನ ಬದಲಿಗೆ ಇಲ್ಲಿ ಯಾರು ನಿಲ್ತಾರೆ?”