ಜೋಡಿ ಗಂಟೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನಗೆ ಎರಡನೆಯ ಹೆಣ್ಣುಮಗು ಹುಟ್ಟಿದೆ. ನಾಡಿದ್ದು ತೊಟ್ಟಿಲಿಗೆ ಹಾಕುತ್ತೇವೆ. ಚೆಂದದ ಹೆಸರೊಂದನ್ನು ಹುಡುಕಿದ್ದೇವೆ. ದೊಡ್ಡವಳ ಹೆಸರು ದುಗ್ಗವ್ವ. ಅದು ಇದಕ್ಕೆ ಹೊಂದಲಿಲ್ಲವೆಂದು ಅವಳ ಹೆಸರನ್ನೇ ಬದಲಾಯಿಸಿದೆವು. ಈಗ ಹೊಸ ಹೆಸರಿನಿಂದ ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ. ಅವಳಿಗೆ ಹೇಗೆ ಕಲಿಸಲಿ?"

ದೊಡ್ಡವಳನ್ನು ಜೊತೆಗೇ ಕರೆತಂದಿದ್ದ. ನಾಲ್ಕು ವರ್ಷದ ಮಗು ಮೆಟ್ಟಿಲ ಮೇಲೆ ಅತ್ತ ಮುಖ ಮಾಡಿ ಕುಳಿತಿತ್ತು. ಗುರು ಅದನ್ನೊಮ್ಮೆ ನೋಡಿ ಈ ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ಎತ್ತಿನ ಕೊರಳಿಗೆ ಜೋಡಿ ಗಂಟೆ ಎರೆಯುವುದು ಅವನ ಕಸುಬು. ಎರಡರ ದನಿಯೂ ಒಂದೇ ಆಗಿರಬೇಕು ಎಂಬುದು ಅವನ ಹಟ. ಕೂದಲೆಳೆಯಷ್ಟು ಬೇರೆಯಾದರೂ ಎರಡನ್ನೂ ಕರಗಿಸಿ ಹೊಸದಾಗಿ ಎರೆಯುತ್ತಿದ್ದ. ಚೆನ್ನಾಗಿದ್ದ ಗಂಟೆಯೂ ಜೊತೆಗೆ ಕರಗಿಹೋಗುತ್ತಿತ್ತು. ಅದಕ್ಕಾಗಿ ಅವನು ಎಂದೂ ಮರುಗಿದವನಲ್ಲ.

ಅವನಿಗೂ ಎರಡನೆಯ ಮಗಳು ಹುಟ್ಟಿದಳು. ದೊಡ್ಡವಳಿಗೆ ತೀರಿಹೋದ ತನ್ನ ತಾಯಿಯ ಹೆಸರಿಟ್ಟಿದ್ದ, ಕೆಂಚವ್ವ ಎಂದು. ಚಿಕ್ಕವಳಿಗೆ ಇಂದುಲೇಖೆ ಎಂಬ ಹೆಸರು ಮನಸ್ಸಿಗೆ ಬಂತು. ಎರಡನ್ನೂ ಒಟ್ಟಿಗೆ ಹೇಳಿ ನೋಡಿದ. ಹೊಂದಲಿಲ್ಲ. ಕಸುಬಿನ ಬುದ್ಧಿ ಎಲ್ಲಿ ಹೋಗುತ್ತದೆ? ಕೆಂಚವ್ವನನ್ನು ಚಂದ್ರಲೇಖೆ ಮಾಡಿದ. ಮುದ್ದಿಗೆ ಇಂದು, ಚಂದು.

ದೊಡ್ಡವಳು ರಂಪ ಮಾಡಲಿಲ್ಲ. ಚಂದು ಎಂದರೆ ಬಂದಳು. ತುಸು ತಡವಾಗಿ ಬಂದಳು, ಅಷ್ಟೆ.

ತೊಟ್ಟಿಲ ಶಾಸ್ತ್ರಕ್ಕೆ ಇನ್ನೊಂದು ದಿನವಿತ್ತು. ಸೋದರತ್ತೆ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ಅವರ ಪದ್ಧತಿ. ಆ ಮಧ್ಯಾಹ್ನ ಕಂಚುಗಾರನಿಗೆ ಜೊಂಪು ಹತ್ತಿತು. ಕೂಸು ಮಲಗಿದ್ದ ಸೀರೆಯ ಜೋಲಿಯ ಹಗ್ಗದ ಸದ್ದು ಎಲ್ಲೋ ದೂರದಿಂದ ಬರುತ್ತಿರುವಂತಿತ್ತು. ಆ ಸದ್ದಿನೊಳಗೆ ಯಾರೋ ಅವನ ತಾಯಿಯನ್ನು ಕರೆಯುತ್ತಿದ್ದರು. ಕೆಂಚವ್ವ. ಕೆಂಚವ್ವ. ಕನಸಿನಲ್ಲಿ ತಾಯಿ ಹೊಸ್ತಿಲವರೆಗೆ ಬಂದಳು. ಒಳಗೆ ಬರಲೋ ಬೇಡವೋ ಎಂದು ಅಲ್ಲೇ ನಿಂತಳು. ಮೂರನೆಯ ಕರೆಗೆ ಅವನಿಗೆ ಎಚ್ಚರವಾಯಿತು.

ದೊಡ್ಡ ಮಗಳು ಜೋಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೇಳುತ್ತಿದ್ದಳು.

"ಏನವ್ವಾ ಮಾಡ್ತಿದ್ದೀಯ?"

"ನಂಗೆ ಹೊಸ ಹೆಸ್ರು ಕೊಟ್ಯಲ್ಲಪ್ಪ. ಹಳೇದು ಸುಮ್ನೆ ಬಿದ್ದಿತ್ತು. ಪಾಪುಗೆ ಇನ್ನೂ ಹೆಸ್ರೇ ಇಲ್ಲ. ಅದಾದ್ರೂ ಇಟ್ಕೊಳ್ಲಿ ಅಂತ."

ಕಂಚುಗಾರನಿಗೆ ಅಳು ಬಂತು. ಎದ್ದು ಕುಲುಮೆಯ ಹತ್ತಿರ ಹೋದ. ಕರಗಿಸಲೆಂದು ಇಟ್ಟ ಒಂದು ಜೋಡಿ ಗಂಟೆ ಅಲ್ಲಿತ್ತು. ಎರಡನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಒಂದು ದಪ್ಪ ದನಿ, ಒಂದು ಸಣ್ಣ ದನಿ. ಎರಡೂ ಕೂಡಿ ಬಹಳ ಹೊತ್ತು ಮನೆಯೊಳಗೆ ತೇಲಿದವು. ಅಲ್ಲಿಯವರೆಗೆ ಅವನು ಒಂದೊಂದನ್ನೇ ಬಡಿದು ತಪ್ಪು ಹುಡುಕಿದ್ದನೇ ಹೊರತು ಒಟ್ಟಿಗೆ ಕೇಳಿರಲಿಲ್ಲ.

ಮರುದಿನ ತೊಟ್ಟಿಲಲ್ಲಿ ಇಂದುಲೇಖೆ ಮಲಗಿದ್ದಳು. ತೂಗುತ್ತಿದ್ದವಳು ಕೆಂಚವ್ವ. "ಇದ್ಯಾವ ಸೀಮೆ ಜೋಡಿಯಯ್ಯಾ!" ಎಂದು ನೆಂಟರು ನಕ್ಕರು. ಅವನೂ ನಕ್ಕ.

ಇಷ್ಟು ಹೇಳಿ ಗುರು ಕತೆ ಮುಗಿಸಿದರು. ಶಿಷ್ಯ ತನ್ನ ಪ್ರಶ್ನೆಗೆ ಉತ್ತರ ಬರುವುದೆಂದು ಕಾದ. ಗುರು ಅವನತ್ತ ನೋಡದೆ ಮೆಟ್ಟಿಲ ಕಡೆ ಹೊರಳಿ ಮೆಲ್ಲಗೆ ಕರೆದರು:

"ದುಗ್ಗವ್ವಾ, ನಿನ್ನ ತಂಗಿಗೆ ಏನು ಹೆಸರಿಡೋಣಮ್ಮ?"

ಮಗು ತಿರುಗಿ ನೋಡಿತು.