ಜೇನುಬಂಡೆಯ ಹಗ್ಗ

"ಗುರುಗಳೇ, ಪೇಟೆಯಲ್ಲಿ ಉಗುರಿನಷ್ಟು ಕಾಗದದ ಚೂರು ಮಾರುತ್ತಾರೆ. ನಾಲಿಗೆಯ ಮೇಲಿಟ್ಟರೆ ಕಾಣದ್ದೆಲ್ಲ ಕಾಣುತ್ತದಂತೆ. ನಾವು ಹನ್ನೆರಡು ವರ್ಷ ಕಣ್ಣು ಮುಚ್ಚಿ ಕೂತರೂ ಕಾಣದ್ದು ಅವರಿಗೆ ಅರ್ಧ ಗಳಿಗೆಯಲ್ಲಿ ಕಂಡರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಹೆಜ್ಜೇನು ಇಳಿಸುವವರಲ್ಲಿ ಒಂದು ಕಟ್ಟಳೆಯಿತ್ತು. ಹಗ್ಗ ಮುಟ್ಟುವ ದಿನ ಅಮಲು ಮುಟ್ಟಕೂಡದು. ಬಂಡೆಯ ಕೆಳಗೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ತಮ್ಮನೇ ಹಿಡಿಯಬೇಕು. ಅಕ್ಕನ ತಾಳಿ ಕೈಯಲ್ಲಿರುವವನು ಮೈಮರೆಯಲಾರ ಎಂಬ ನಂಬಿಕೆ.

ಒಂದು ವರ್ಷ ಒಬ್ಬ ವ್ಯಾಪಾರಿ ಅಲ್ಲಿಗೂ ಆ ಕಾಗದ ತಂದ. ಇಳಿಯುವ ಭಯವೇ ಇರುವುದಿಲ್ಲ ಎಂದ. ಮೊದಲು ಅದನ್ನು ನಾಲಿಗೆಗಿಟ್ಟವನು ಮೂರು ದಿನ ಸ್ವಂತ ಮಗಳನ್ನು ಗುರುತಿಸಲಿಲ್ಲ. ತೋಳಿನ ಮೇಲೆ ಹುಳು ಹರಿಯುತ್ತಿವೆ ಎಂದು ಚರ್ಮ ಕಿತ್ತುಕೊಂಡ. ಅವನ ಮೈಮೇಲೆ ದೇವರು ಬಂದಿದೆ ಎಂದುಕೊಂಡು ಉಳಿದವರೂ ಕೈಯೊಡ್ಡಿದರು. ಒಬ್ಬ ಮೈದುನ ಮಾತ್ರ ಒಲ್ಲೆನೆಂದ.

"ಇಳಿಯುವವನು ನಾನು. ಮೇಲೆ ಕೂರುವವನಿಗೆ ಎಂಥದೋ ಭಯ?" ಎಂದು ಅವನ ಭಾವ ನಕ್ಕ.

"ಕೂರುವುದಕ್ಕೇ ಭಯ, ಭಾವ. ಇವತ್ತು ಇಳಿಯಬೇಡ."

"ನಿಮ್ಮಕ್ಕನದೂ ಇದೇ ರಾಗ. ನೀನು ಹಿಡಿಯದಿದ್ದರೆ ಬಿಡು, ಹಿಡಿಯುವವರಿದ್ದಾರೆ."

ಭಾವ ಕಾಗದವನ್ನು ನಾಲಿಗೆಗಿಟ್ಟು ಸೊಂಟಕ್ಕೆ ಹಗ್ಗ ಬಿಗಿದ. ಹಿಡಿಯುತ್ತೇವೆಂದು ಮುಂದೆ ಬಂದವರು ನಿಂತಲ್ಲೇ ತೂರಾಡುತ್ತಿದ್ದರು. ಮೈದುನ ಅವರನ್ನು ನೋಡಿದ. ತಾನೇ ಹಗ್ಗ ಹಿಡಿದು ಕೂತ.

ಬಂಡೆ ಮುಂದಕ್ಕೆ ಚಾಚಿತ್ತು. ಇಳಿದವನು ಮೇಲಿನವರಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಕೆಳಗಿನವನ ಮಾತನ್ನು ಮೇಲಿನವನು ಮೀರಕೂಡದು ಎಂಬ ಇನ್ನೊಂದು ಕಟ್ಟಳೆಯೂ ಇತ್ತು. ಅರ್ಧ ಹಗ್ಗ ಇಳಿದಿರಬೇಕು, ಕೆಳಗಿನಿಂದ ಕೂಗು ಬಂತು.

"ನೆಲ ಸಿಕ್ಕಿತು ಕಣೋ. ಹೂವಿನ ಬಯಲು. ಹಗ್ಗ ಬಿಡು, ನಡೆದೇ ಹೋಗುತ್ತೇನೆ."

ಸುತ್ತ ನಿಂತವರು ಬಗ್ಗಿ ನೋಡಿದರು. "ಹೌದಲ್ಲೋ, ಎಂಥಾ ಹೂವು. ನಮಗೂ ಕಾಣುತ್ತಿದೆ. ಬಿಡೋ ಪುಕ್ಕಲ," ಎಂದು ಅವನ ಬೆರಳು ಬಿಡಿಸತೊಡಗಿದರು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಷ್ಟು ಜನಕ್ಕೂ ಬಯಲು ಕಂಡಿತಲ್ಲ, ಗುರುಗಳೇ. ಮೈದುನನಿಗೆ ಏನು ಕಂಡಿತು?"

"ಏನೂ ಕಾಣಲಿಲ್ಲ, ಕೈಗೆ ಭಾರ ತಿಳಿಯಿತು, ಎಳೆದ."