ಅಂಗೈಯ ಮೇಲಿನ ಎರೆಹುಳು

ಮಠದ ಪಾಠಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: “ಗುರುಗಳೇ, ದಿನಕ್ಕೊಂದು ಹೊತ್ತು ಮಕ್ಕಳನ್ನು ಹಿತ್ತಲಿಗೆ ಕರೆದುಕೊಂಡು ಹೋಗು, ಗಿಡ, ಹುಳು, ಹಕ್ಕಿಗಳನ್ನು ಅವರ ಜೊತೆ ಕೂತು ನೋಡು ಎಂದು ಅಪ್ಪಣೆ ಕೊಟ್ಟಿದ್ದೀರಿ. ಆದರೆ ಹುಳು ಕಂಡರೆ ನನಗೇ ಮೈ ಜುಮ್ಮೆನ್ನುತ್ತದೆ. ಮೊದಲು ಈ ಭಯವನ್ನು ಗೆದ್ದು, ಆಮೇಲೆ ಮಕ್ಕಳನ್ನು ಕರೆದೊಯ್ಯುವುದು ಸರಿಯಲ್ಲವೇ?”

ಗುರುಗಳು ಸರಿಯೆನ್ನಲಿಲ್ಲ, ತಪ್ಪೆನ್ನಲೂ ಇಲ್ಲ. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಬಳೆಯ ಮಲಾರ ಹೆಗಲಿಗೇರಿಸಿ ಹೊರಟರೆ ಅವನು ಮನೆಗೆ ಮರಳುತ್ತಿದ್ದದ್ದು ಎಂಟು ಹತ್ತು ದಿನಕ್ಕೆ. ಮನೆಯಲ್ಲಿ ಅವನ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು. ಹೆಂಡತಿ ಗಟ್ಟಿಗಿತ್ತಿ. ಜಗಳಕ್ಕೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುವಷ್ಟು ಧೈರ್ಯ ಅವಳಿಗಿತ್ತು. ಆದರೆ ತೆವಳುವ, ಹರಿಯುವ ಜೀವ ಯಾವುದನ್ನು ಕಂಡರೂ ಅವಳ ಕೈಕಾಲು ತಣ್ಣಗಾಗುತ್ತಿದ್ದವು.

ಅವಳು ಚಿಕ್ಕವಳಿದ್ದಾಗ ಒಂದು ದಿನ ಮಳೆ ನಿಂತ ಮೇಲೆ ಅಂಗಳದಲ್ಲಿ ಎರೆಹುಳು ಹರಿಯುತ್ತಿತ್ತು. ಅದನ್ನು ಎತ್ತಿಕೊಂಡು ಓಡಿಹೋಗಿ ತಾಯಿಗೆ ತೋರಿಸಿದ್ದಳು. ತಾಯಿ ಕಿಟಾರನೆ ಕಿರುಚಿ, ಹುಳುವನ್ನು ಕೊಡವಿ, ಮಗುವಿನ ಕೈಗೆ ರಪ್ಪನೆ ಹೊಡೆದಿದ್ದಳು. ಹುಳು ಹೇಗಿತ್ತೆಂಬುದು ಅವಳಿಗೆ ಆಮೇಲೆ ಮರೆತುಹೋಯಿತು. ತಾಯಿಯ ಆ ಮುಖ ಮರೆಯಲಿಲ್ಲ. ಅಂದಿನಿಂದ ಅವಳು ಬರಿಗೈಯಲ್ಲಿ ಮಣ್ಣು ಮುಟ್ಟಿದವಳಲ್ಲ. ಮದುವೆಯಾಗಿ ಬಂದ ಮನೆಯಲ್ಲೂ ಹಿತ್ತಲ ಬಾಗಿಲ ಕಲ್ಲಿನ ಮೇಲೆ ನಿಂತೇ ಗಿಡಗಳಿಗೆ ನೀರು ಚೆಲ್ಲುತ್ತಿದ್ದಳು.

ಮಗಳು ಹಾಗಲ್ಲ. ನಡೆಯಲು ಬಂದದ್ದೇ ತಡ, ಹಿತ್ತಲೇ ಅವಳ ಮನೆಯಾಯಿತು. ಒಂದು ಬೆಳಿಗ್ಗೆ ಎರಡೂ ಕೈ ಮುಚ್ಚಿ ಹಿಡಿದುಕೊಂಡು ಓಡಿಬಂದು, ತಾಯಿಯ ಮುಂದೆ ತೆರೆದಳು. ಒಳಗೆ ಎರೆಹುಳು.

ತಾಯಿಯ ಗಂಟಲಿಗೆ ಕಿರುಚಾಟ ಬಂದು ನಿಂತಿತು. ಅಷ್ಟರಲ್ಲಿ ಅವಳಿಗೆ ಒಂದು ಸಂಗತಿ ಕಂಡಿತು. ಮಗಳು ಹುಳುವನ್ನು ನೋಡುತ್ತಿರಲಿಲ್ಲ. ತಾಯಿಯ ಮುಖವನ್ನು ನೋಡುತ್ತಿದ್ದಳು. ಇದು ಒಳ್ಳೆಯದೋ ಕೆಟ್ಟದ್ದೋ, ಸಂತೋಷಪಡಬೇಕೋ ಹೆದರಬೇಕೋ ಎಂದು ಆ ಮುಖ ಹೇಳಲಿ ಎಂದು ಕಾಯುತ್ತಿದ್ದಳು.

ತಾಯಿ ಕಿರುಚಾಟವನ್ನು ನುಂಗಿಕೊಂಡಳು. ಕುಕ್ಕರುಗಾಲಲ್ಲಿ ಕೂತು ತನ್ನ ಅಂಗೈ ಚಾಚಿದಳು.

“ಕೊಡವ್ವ, ನಾನೂ ನೋಡ್ತೀನಿ.”

ಹುಳು ತಣ್ಣಗೆ ಅವಳ ಅಂಗೈಯ ಮೇಲೆ ಹರಿಯಿತು. ಅವಳ ಬೆನ್ನಿನಲ್ಲಿ ಬೆವರು ಇಳಿಯಿತು. ಕೈ ಮಾತ್ರ ಹಿಂದಕ್ಕೆ ಸರಿಯಲಿಲ್ಲ.

“ಅವ್ವಾ, ಇದರ ಕಣ್ಣು ಎಲ್ಲಿ?” ಎಂದು ಮಗಳು ಕೇಳಿದಳು.

“ನಂಗೂ ಗೊತ್ತಿಲ್ಲ. ಬಾ, ಹುಡುಕೋಣ.”

ಇಬ್ಬರೂ ಬಗ್ಗಿ ಹುಡುಕಿದರು. ಈ ತುದಿಯಲ್ಲೂ ಕಣ್ಣಿಲ್ಲ, ಆ ತುದಿಯಲ್ಲೂ ಇಲ್ಲ. ಕಣ್ಣಿಲ್ಲದೆಯೂ ಅದು ನೆರಳಿನ ಕಡೆಗೇ ತಿರುಗುವುದನ್ನು ಕಂಡು ಮಗಳು ಚಪ್ಪಾಳೆ ತಟ್ಟಿದಳು. ಆಮೇಲೆ ತಾಯಿ, “ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ, ಅದರ ಮನೆ ಅಲ್ಲೇ ಇರೋದು” ಎಂದು ಕಳಿಸಿದಳು. ಮಗಳು ಅತ್ತ ಹೋದ ಕೂಡಲೇ ಬಾಗಿಲ ಹಿಂದೆ ನಿಂತು, ಅಂಗೈ ಕೆಂಪಾಗುವ ತನಕ ಬೂದಿ ಹಾಕಿ ಉಜ್ಜಿದಳು.

ಮರುದಿನ ಮಗಳು ಬಸವನಹುಳು ತಂದಳು. ಇನ್ನೊಂದು ದಿನ ನಿಂಬೆಗಿಡದ ಕಂಬಳಿಹುಳು ತೋರಿಸಲು ಸೆರಗು ಹಿಡಿದು ಎಳೆದುಕೊಂಡು ಹೋದಳು. ತಾಯಿ ಕಲ್ಲಿನಿಂದ ಕೆಳಗಿಳಿದು ಮಣ್ಣಿನಲ್ಲಿ ಕಾಲಿಟ್ಟಳು. ಯಾವುದನ್ನು ಮುಟ್ಟಬಾರದು, ಕಲ್ಲನ್ನು ಕೋಲಿನಿಂದ ಹೇಗೆ ಮಗುಚಬೇಕು ಎಂದು ನೆರೆಯ ಮುದುಕಿಯನ್ನು ಕೇಳಿ ತಿಳಿದುಕೊಂಡು ಮಗಳಿಗೆ ಹೇಳಿಕೊಟ್ಟಳು. ತನಗೆ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಆ ಮಾತು ಕೇಳಿದಾಗಲೆಲ್ಲ ಮಗಳಿಗೆ ಹಿಗ್ಗು. ಅವ್ವನಿಗೂ ಗೊತ್ತಿಲ್ಲದ್ದನ್ನು ತಾನೇ ಮೊದಲು ಕಂಡುಹಿಡಿಯಬಹುದಲ್ಲ!

ಒಮ್ಮೆ ಬಳೆಗಾರ ಊರೂರು ಸುತ್ತಿ ಮರಳಿದಾಗ ಹೆಂಡತಿ ಹಿತ್ತಲಲ್ಲಿ ಕೂತಿದ್ದಳು. ಅವಳ ಬೊಗಸೆಯಲ್ಲಿ ಒಂದು ನೆಲಗಪ್ಪೆ. ಕೈ ಗಡಗಡ ನಡುಗುತ್ತಿತ್ತು, ಮುಖದಲ್ಲಿ ನಗು ಇತ್ತು. ಮಗಳು ಕಪ್ಪೆಯ ಗಂಟಲು ಮಿಡಿಯುವುದನ್ನು ಬೆರಳು ಮಡಿಸಿ ಎಣಿಸುತ್ತಿದ್ದಳು. ಕಪ್ಪೆ ನೆಗೆದು, ಮಗಳು ಅದರ ಹಿಂದೆ ಓಡಿದ ಮೇಲೆ ಅವನು ಕೇಳಿದ:

“ನಿನಗಿದನ್ನು ಕಂಡರೇ ಆಗೋದಿಲ್ಲವಲ್ಲ ಮಾರಾಯ್ತಿ, ಯಾಕೆ ಈ ಶಿಕ್ಷೆ? ಮಗೂಗೆ ಬೇಡ ಅಂದರೆ ಮುಗೀತು.”

“ನನಗೂ ಹಾಗೇ ಬೇಡ ಅಂದಿದ್ದರು” ಎಂದಳು ಅವಳು. “ಇಪ್ಪತ್ತು ವರ್ಷ ತವರಲ್ಲೂ ಇಲ್ಲೂ ಕಲ್ಲಿನ ಮೇಲೇ ನಿಂತಿದ್ದೆ. ಅವಳನ್ನೂ ಅಲ್ಲೇ ನಿಲ್ಲಿಸಲಾ?”

ಬಳೆಗಾರ ತಂಬಿಗೆಯಲ್ಲಿ ನೀರು ತಂದು ತಾನೇ ಅವಳ ಕೈ ತೊಳೆದ. ಆ ನಡುಕ ನಿಲ್ಲುವ ತನಕ ಕೈಯನ್ನು ಹಿಡಿದುಕೊಂಡೇ ಇದ್ದ.

ಮಗಳು ಬೆಳೆದಳು. ಒಂದು ವರ್ಷ ಊರಿನಲ್ಲಿ ಯಾರ ಕುಂಬಳದ ಬಳ್ಳಿಯಲ್ಲೂ ಕಾಯಿ ನಿಲ್ಲಲಿಲ್ಲ. ಹೂವು ಅರಳುವುದು, ಉದುರುವುದು. ಬಳೆಗಾರನ ಹಿತ್ತಲಲ್ಲಿ ಮಾತ್ರ ಕಾಯಿ ತುಂಬಿದ್ದವು. ಹೆಂಗಸರು ಬಂದು ಕೇಳಿದಾಗ ಆ ಹುಡುಗಿ ಒಂದು ಗಂಡುಹೂವನ್ನು ಕಿತ್ತು, ಹೆಣ್ಣುಹೂವಿನ ಒಡಲಿಗೆ ಮೆಲ್ಲನೆ ಸವರಿ ತೋರಿಸಿದಳು. “ಈ ವರ್ಷ ಜೇನು ಬಂದಿಲ್ಲ. ಅವು ಮಾಡೋ ಕೆಲಸ ನಾವೇ ಮಾಡಬೇಕು” ಎಂದಳು. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರೆ, “ಯಾರೂ ಇಲ್ಲ, ಅವ್ವ ನಾನು ಕೂತು ನೋಡಿದ್ವಿ” ಎಂದಳು. ಬಾಗಿಲಲ್ಲಿ ನಿಂತಿದ್ದ ತಾಯಿಗೆ ಆ ಮಾತು ಕೇಳಿಸಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ದೊಡ್ಡ ಹೆಣ್ಣುಮಗಳು, ಗುರುಗಳೇ. ಆದರೆ ಆ ಭಯ ಪೂರ್ತಿ ಬಿಟ್ಟುಹೋಗಲು ಅವಳಿಗೆ ಎಷ್ಟು ಕಾಲ ಹಿಡಿಯಿತು?”

ಗುರುಗಳು ಹೇಳಿದರು: “ಬಿಟ್ಟುಹೋಗಲೇ ಇಲ್ಲ, ಅದು ಹೋಗುವ ತನಕ ಮಗಳು ನಾಲ್ಕು ವರ್ಷದವಳಾಗಿಯೇ ಕಾದಿರುತ್ತಿದ್ದಳೇ?”